ಲಿಚ್‌ಫೀಲ್ಡ್ ದ್ವೀಪ: ಕಾವಲಿದ್ದೂ ಬರಿದಾದ ಪೆಂಗ್ವಿನ್ ನೆಲೆ

ಅಂಟಾರ್ಕ್ಟಿಕಾ ಪರ್ಯಾಯ ದ್ವೀಪದ ಪಶ್ಚಿಮಕ್ಕೆ, ಅಮೆರಿಕದ ಪಾಮರ್ ಸಂಶೋಧನಾ ಕೇಂದ್ರದ ಎದುರಿಗೇ ಇರುವ ಲಿಚ್‌ಫೀಲ್ಡ್, ಒಂದು ಚದರ ಕಿಲೋಮೀಟರಿನಷ್ಟೂ ಇಲ್ಲದ ಬಂಡೆಗಲ್ಲಿನ ದ್ವೀಪ. ಅಡೇಲಿ ಪೆಂಗ್ವಿನ್, ದೈತ್ಯ ಪೆಟ್ರೆಲ್, ಸ್ಕುವಾ ಮುಂತಾದ ಕಡಲಹಕ್ಕಿಗಳ ನೆಲೆಯೆಂದೂ, ಆ ಭಾಗದಲ್ಲಿ ಅಪರೂಪವಾದ ದಟ್ಟ ಹಾವಸೆಯ ಹಾಸು ಇರುವುದೆಂದೂ ಗುರುತಿಸಿ, ಅಂಟಾರ್ಕ್ಟಿಕ್ ಒಪ್ಪಂದದ ರಾಷ್ಟ್ರಗಳು 1975ರಲ್ಲಿ ಇದನ್ನು ವಿಶೇಷ ಸಂರಕ್ಷಿತ ಪ್ರದೇಶವಾಗಿಸಿದವು. ಅಂದಿನಿಂದ ಪರವಾನಗಿಯಿಲ್ಲದೆ ಯಾರೂ ಅಲ್ಲಿ ಕಾಲಿಡುವಂತಿಲ್ಲ.

ಆಗಿನ ಆತಂಕವೆಲ್ಲ ಮನುಷ್ಯನ ಓಡಾಟದ ಕುರಿತಾಗಿತ್ತು. ಅದಕ್ಕೆ ಆಧಾರವಿರಲಿಲ್ಲವೆಂದಲ್ಲ: 1989ರ ಜನವರಿಯಲ್ಲಿ ಅರ್ಜೆಂಟೀನಾದ ಬಹಿಯಾ ಪರೈಸೊ ಹಡಗು ಪಾಮರ್ ಸಮೀಪವೇ ಬಂಡೆಗೆ ತಾಗಿ, ಸುಮಾರು 6 ಲಕ್ಷ ಲೀಟರ್ ಇಂಧನ ಕಡಲಿಗೆ ಸೋರಿತು. ಆದರೆ ಲಿಚ್‌ಫೀಲ್ಡನ್ನು ಬರಿದುಮಾಡಿದ್ದು ಅದಲ್ಲ. 1970ರ ದಶಕದಲ್ಲಿ ಅಲ್ಲಿ ಸುಮಾರು 900 ಜೋಡಿ ಅಡೇಲಿಗಳು ಮರಿಮಾಡುತ್ತಿದ್ದವು. 2007ರ ವೇಳೆಗೆ ಒಂದು ಜೋಡಿಯೂ ಉಳಿದಿರಲಿಲ್ಲ. ವಿಚಿತ್ರವೆಂದರೆ, ಪಕ್ಕದ ಟೋರ್ಗರ್ಸನ್ ದ್ವೀಪದ ಒಂದು ಭಾಗ ಪ್ರವಾಸಿಗರಿಗೆ ತೆರೆದಿದ್ದರೂ, ಅಲ್ಲಿ ಸಂಖ್ಯೆ ಬಹಳ ಕುಸಿದರೂ, ಪೆಂಗ್ವಿನ್‌ಗಳು ಪೂರ್ತಿ ಇಲ್ಲವಾಗಿರಲಿಲ್ಲ.

ಇದರ ಕಾರಣವನ್ನು ದಶಕಗಳ ಕಾಲ ಅಲ್ಲಿಯೇ ಹುಡುಕಿದವರು ಪಕ್ಷಿವಿಜ್ಞಾನಿ ಬಿಲ್ ಫ್ರೇಸರ್. ಅವರು ಬೊಟ್ಟು ಮಾಡಿದ್ದು ಹಿಮದ ಕಡೆಗೆ. ಚಳಿಗಾಲ ಬೆಚ್ಚಗಾಗಿ ಕಡಲ ಮಂಜುಗಡ್ಡೆ ತೆಳುವಾದಂತೆ, ತೆರೆದ ನೀರಿನಿಂದ ಏಳುವ ತೇವಾಂಶ ಹೆಚ್ಚಿ, ಅದು ಹಿಮವಾಗಿ ಸುರಿಯುತ್ತದೆ. ಈಶಾನ್ಯದಿಂದ ಬೀಸುವ ಬಿರುಗಾಳಿ ಆ ಹಿಮವನ್ನು ಗುಡ್ಡದ ನೈಋತ್ಯದ ಮರೆಗೆ ತಂದು ಒಟ್ಟುತ್ತದೆ. ಗುಡ್ಡವಿರುವ ಲಿಚ್‌ಫೀಲ್ಡಿನಲ್ಲಿ ಹಿಮ ಹೀಗೆ ರಾಶಿಬಿದ್ದು ತಡವಾಗಿ ಕರಗುತ್ತದೆ. ತಗ್ಗಾದ ಟೋರ್ಗರ್ಸನ್‌ನಲ್ಲಿ ಅಷ್ಟು ನಿಲ್ಲುವುದಿಲ್ಲ. ಅಡೇಲಿ ಮೊಟ್ಟೆಯಿಡುವುದು ಬರಿನೆಲದ ಮೇಲೆ ಬೆಣಚುಕಲ್ಲು ಜೋಡಿಸಿ ಮಾಡಿದ ಗೂಡಿನಲ್ಲಿ. ಹಿಮ ಕರಗಲೆಂದು ಅದು ಹೆಚ್ಚು ದಿನ ಕಾಯುವುದಿಲ್ಲ. ನವೆಂಬರ್‌ನಲ್ಲಿ ಮೊಟ್ಟೆಯಿಟ್ಟೇ ಇಡುತ್ತದೆ. ಬಳಿಕ ಕರಗಿದ ನೀರು ಕಲ್ಲುಗಳ ನಡುವೆ ನಿಂತು ಮೊಟ್ಟೆಗಳು ತಣ್ಣಗಾಗಿ ಕೆಡುತ್ತವೆ, ಬದುಕಿದ ಮರಿಗಳ ತುಪ್ಪಳ ನೆನೆಯುತ್ತದೆ. ಚಳಿಗಾಲದ ಆಹಾರಕ್ಕೂ ಇವು ಮಂಜುಗಡ್ಡೆಯನ್ನೇ ನೆಚ್ಚಿರುವುದರಿಂದ ಪೆಟ್ಟು ಎರಡು ಕಡೆಯಿಂದ ಬಿದ್ದಿತು.

ಅಡೇಲಿಗಳು ಹೋದ ಮೇಲೂ ಸಂರಕ್ಷಣೆ ರದ್ದಾಗಿಲ್ಲ. ದ್ವೀಪವೀಗ ಒಪ್ಪಂದದ ಪಟ್ಟಿಯಲ್ಲಿ 113ನೆಯ ವಿಶೇಷ ಸಂರಕ್ಷಿತ ಪ್ರದೇಶ. ಉಳಿದ ಹಕ್ಕಿಗಳಿಗೂ ಹಾವಸೆಗೂ ಅದು ಬೇಕೇ ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಬೇಟೆ ನಿಂತ ಮೇಲೆ ಚೇತರಿಸಿಕೊಂಡ ತುಪ್ಪಳದ ಸೀಲ್‌ಗಳು ಮಾತ್ರ ಯಾವ ಪರವಾನಗಿಯನ್ನೂ ಕೇಳದೆ ಬಂದು, ಆ ಹಾವಸೆಯ ಹಾಸನ್ನು ತುಳಿದು ಕೆಡಿಸುತ್ತಿವೆ.