ದೋಣಿಗೆ ಬ್ರೇಕಿಲ್ಲ

ನಮ್ಮಪ್ಪ ಮಂಡ್ಯದ ಕಡೆಯವರು. ನಾನು ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೂತು ಅಮೆರಿಕದ ಎತ್ತುಸೇತುವೆಗಳಿಗೆ ಕಂಟ್ರೋಲ್ ಪ್ರೋಗ್ರಾಂ ಬರೆಯುತ್ತೇನೆ ಎಂಬುದನ್ನು ಅವರಿಗೆ ತಿಳಿಹೇಳಲು ಎರಡು ಹಬ್ಬ ಹಿಡಿದವು. ಮೂರನೆಯ ಹಬ್ಬಕ್ಕೆ ಊರಿಗೆ ಹೋದಾಗ ಅವರೇ ನನಗೆ ತಿಳಿಹೇಳಿದರು: "ಅಂಗಾರೆ ನೀನು ಮಾಡ್ತಿರೋದು ನೀರುಗಂಟಿ ಕೆಲ್ಸ ಕಣ್ಲಾ. ತೂಬು ಎತ್ತೋದೇನು ದೊಡ್ಡದಲ್ಲ. ಯಾವಾಗ ಎತ್ಬೇಕು, ಯಾರು ಕೂಗಿದ್ರೆ ಎತ್ಬೇಕು, ಅದ್ರಲ್ಲೇ ಇರೋದು ಜಗಳ."

ಇಷ್ಟು ವರ್ಷಗಳಲ್ಲಿ ನನ್ನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರಿಲ್ಲ.

ಬೆಂಗಳೂರಿನವರಿಗೆ ಎತ್ತುಸೇತುವೆ ಎಂದರೆ ಲಂಡನ್ನಿನ ಟವರ್ ಬ್ರಿಡ್ಜಿನ ಫೋಟೊ, ಇಲ್ಲದಿದ್ದರೆ ರಾಮೇಶ್ವರಕ್ಕೆ ಹೋಗುವಾಗ ರೈಲಿನ ಕಿಟಕಿಯಲ್ಲಿ ಕಂಡ ಪಾಂಬನ್. ನಮ್ಮೂರಿನ ನದಿ ವೃಷಭಾವತಿ, ಅದರಲ್ಲಿ ದೋಣಿಯ ಮಾತು ಬೇಡ. ನನ್ನ ಮೇಜಿಗೆ ಬರುವ ಸೇತುವೆಗಳು ಅಂಥ ಹೆಸರಾಂತವಲ್ಲ. ಎರಡು ಲೇನಿನ ರಸ್ತೆ, ಕೆಳಗೆ ಕಡಲ ಉಬ್ಬರವಿಳಿತಕ್ಕೆ ಏರಿ ಇಳಿಯುವ ಸಣ್ಣ ತೊರೆ, ನೀರಿಗೂ ಸೇತುವೆಗೂ ನಡುವೆ ಎರಡಾಳೆತ್ತರದ ಜಾಗ. ಎತ್ತರಕ್ಕೆ ಕಟ್ಟಿಬಿಟ್ಟರೆ ಈ ತಂಟೆಯೇ ಇಲ್ಲವಲ್ಲ ಎಂದು ಕೇಳುವವರಿಗೆ ಒಂದು ಲೆಕ್ಕ. ಹಾಯಿದೋಣಿಯ ಮಾಸ್ಟಿಗೆ, ಅಂದರೆ ಹಾಯಿ ಕಟ್ಟುವ ಕಂಬಕ್ಕೆ, 15 ಮೀಟರ್ ಜಾಗ ಬಿಡಬೇಕೆಂದರೆ, ನೂರಕ್ಕೆ 5ರ ಏರಿನಲ್ಲಿ ಎರಡೂ ದಡದಲ್ಲಿ 300 ಮೀಟರ್ ಇಳಿಜಾರು ಬೇಕು. ದಡದಲ್ಲಿರುವ ಅಂಗಡಿ, ಮನೆ, ಶಾಲೆ ಎಲ್ಲವೂ ಆ ಇಳಿಜಾರಿನಡಿಗೆ ಹೋಗುತ್ತವೆ. ನಮ್ಮ ಫ್ಲೈಓವರುಗಳ ಕೆಳಗಿನ ಅಂಗಡಿಯವರನ್ನು ಕೇಳಿದರೆ ಉಳಿದದ್ದನ್ನು ಅವರೇ ಹೇಳುತ್ತಾರೆ. ಹಾಗಾಗಿ ತಗ್ಗಿನಲ್ಲೇ ಕಟ್ಟಿ, ದೋಣಿ ಬಂದಾಗ ಎತ್ತುವುದು.

ಎತ್ತುವುದು ಯಾವಾಗ ಎಂಬುದಕ್ಕೆ ಅಮೆರಿಕದಲ್ಲಿ 1894ರಿಂದ ಕಾನೂನಿನ ಆಸರೆಯಿದೆ. ಟವರ್ ಬ್ರಿಡ್ಜ್ ಉದ್ಘಾಟನೆಯಾದದ್ದೂ ಅದೇ ವರ್ಷ, ಅದು ಕಾಕತಾಳೀಯ. ಈಗ ಇದನ್ನು ನೋಡಿಕೊಳ್ಳುವುದು ಕೋಸ್ಟ್ ಗಾರ್ಡ್. ಅವರ ನಿಯಮಾವಳಿಯ 33ನೇ ಶೀರ್ಷಿಕೆಯ 117ನೇ ಭಾಗ ಪೂರ್ತಿ ಎತ್ತುಸೇತುವೆಗಳಿಗೇ ಮೀಸಲು. ಅದರ ಬುಡದಲ್ಲಿರುವ ಮಾತು ಇಷ್ಟೇ: ದೋಣಿ ಕೇಳಿತೆಂದರೆ ಸೇತುವೆ ತಡಮಾಡದೆ, ಪೂರ್ತಿಯಾಗಿ ತೆರೆಯಬೇಕು. ದೋಣಿಯವನು ಅರ್ಜಿ ಹಾಕಬೇಕಿಲ್ಲ, ಕಾರಣ ಹೇಳಬೇಕಿಲ್ಲ. ನಾಲ್ಕರಿಂದ ಆರು ಸೆಕೆಂಡಿನ ಒಂದು ಉದ್ದ ಹಾರ್ನ್, ಅದರ ಬೆನ್ನಿಗೇ ಒಂದು ಸೆಕೆಂಡಿನ ಗಿಡ್ಡ ಹಾರ್ನ್. ಸೇತುವೆಯ ಕೋಣೆಯಲ್ಲಿ ಕೂತವನು ಅದೇ ಹಾರ್ನನ್ನು ತಿರುಗಿ ಹೊಡೆದರೆ 'ಬಾ' ಎಂದರ್ಥ. ಐದು ಗಿಡ್ಡ ಹಾರ್ನ್ ಒಂದರ ಹಿಂದೊಂದು ಕೇಳಿದರೆ 'ಆಗೋದಿಲ್ಲ, ನಿಲ್ಲು'. ಈಗೀಗ ರೇಡಿಯೊದಲ್ಲೋ ಫೋನಿನಲ್ಲೋ ಮಾತಾಡುವವರೇ ಹೆಚ್ಚು, ಆದರೂ ಹಾರ್ನ್ ನಿಯಮದಲ್ಲಿ ಉಳಿದಿದೆ.

ನೂರಾರು ವಾಹನ ಹೋಗುವ ರಸ್ತೆಗಿಂತ ಒಂದು ದೋಣಿಗೆ ಯಾಕಿಷ್ಟು ಮರ್ಯಾದೆ? ನೀರುದಾರಿ ಮೊದಲು ಬಂತು, ರಸ್ತೆ ಆಮೇಲೆ ಅದನ್ನು ಅಡ್ಡಗಟ್ಟಿತು ಎಂಬುದು ವಕೀಲರ ಉತ್ತರ. ನನ್ನ ಉತ್ತರ ಬೇರೆ. ದೋಣಿಗೆ ಬ್ರೇಕಿಲ್ಲ. ಕಾರು ಕೆಂಪು ದೀಪ ಕಂಡು ನಿಂತಲ್ಲೇ ನಿಲ್ಲುತ್ತದೆ. ದೋಣಿ ಎಂಜಿನ್ ಆರಿಸಿದರೂ ನೀರಿನ ಸೆಳೆತಕ್ಕೆ ಸಿಕ್ಕಿ ಸೇತುವೆಯತ್ತಲೇ ತೇಲುತ್ತದೆ, ಅಡ್ಡಗಾಳಿ ಬಂದರೆ ದಡಕ್ಕೆ ಬಡಿಯುತ್ತದೆ. ದೊಡ್ಡ ನದಿಯಲ್ಲಾದರೆ ಒಂದು ಸುತ್ತು ಹಾಕಿ ಕಾಯಬಹುದು. ಸಣ್ಣ ತೊರೆಯಲ್ಲಿ ತಿರುಗಿಸಲೂ ಜಾಗವಿಲ್ಲ. ಸೇತುವೆ ಸಣ್ಣದಾದಷ್ಟೂ ನಿಯಮ ಸಡಿಲವಾಗಿರಬಹುದು ಎಂದುಕೊಳ್ಳುವ ರಸ್ತೆ ಎಂಜಿನಿಯರುಗಳು ಎಡವುವುದು ಇಲ್ಲೇ.

ಹಾಗೆಂದು ದೋಣಿಯವನು ದೊರೆಯೇನಲ್ಲ. ಸೇತುವೆಯಡಿ ತೂರಿ ಹೋಗುವಷ್ಟು ಜಾಗವಿದ್ದರೆ ಹಾರ್ನ್ ಹೊಡೆಯುವಂತಿಲ್ಲ. ಮಡಚಬಹುದಾದ ಆಂಟೆನಾ, ಮೀನುಗಾರಿಕೆಯ ಉದ್ದ ಕೋಲು ಇಂಥವು ಅಡ್ಡ ಬಂದರೆ ಅವನ್ನೇ ಇಳಿಸಿಕೊಂಡು ಹೋಗಬೇಕು. ಅವುಗಳಿಗಾಗಿ ಸೇತುವೆ ಎತ್ತಿಸಿದರೆ ಅದು ಅವನ ತಪ್ಪು.

ಇನ್ನು ರಸ್ತೆಯ ಪಾಡು. ಬೆಂಗಳೂರಿನವನಾಗಿ ಇದರ ಬಗ್ಗೆ ನಾನು ಕಲ್ಲುಮನಸ್ಸಿನವನಾಗಲಾರೆ. ಒಂದು ಲೇನಿನಲ್ಲಿ, ನಿಂತಿದ್ದ ವಾಹನಗಳು ಹೊರಟರೆ ನಿಮಿಷಕ್ಕೆ ಸುಮಾರು 30 ದಾಟುತ್ತವೆ ಎನ್ನಿ. ಮಧ್ಯಾಹ್ನ ನಿಮಿಷಕ್ಕೆ 20 ವಾಹನ ಬರುತ್ತಿವೆ, ಸೇತುವೆ 5 ನಿಮಿಷ ಎದ್ದು ನಿಂತಿತು. 100 ವಾಹನಗಳ ಸಾಲು. ಸೇತುವೆ ಇಳಿದ ಮೇಲೆ ನಿಮಿಷಕ್ಕೆ 10ರಂತೆ ಸಾಲು ಕರಗಿ, 10 ನಿಮಿಷಕ್ಕೆ ರಸ್ತೆ ಮೊದಲಿನಂತಾಗುತ್ತದೆ. ಈಗ ಸಂಜೆ ಆರು ಗಂಟೆ, ನಿಮಿಷಕ್ಕೆ 27 ಬರುತ್ತಿವೆ. ಅದೇ 5 ನಿಮಿಷಕ್ಕೆ 135 ವಾಹನ ನಿಲ್ಲುತ್ತವೆ, ನಿಮಿಷಕ್ಕೆ ಕರಗುವುದು 3 ಮಾತ್ರ. 45 ನಿಮಿಷ! ಅಷ್ಟರೊಳಗೆ ಇನ್ನೊಂದು ದೋಣಿ ಹಾರ್ನ್ ಹೊಡೆದರೆ ಆ ಸಂಜೆ ಮುಗಿಯಿತೆಂದೇ ಲೆಕ್ಕ. ಸಿಲ್ಕ್ ಬೋರ್ಡಿನಲ್ಲಿ ಕೆಟ್ಟು ನಿಂತ ಒಂದು ಲಾರಿ ಏನು ಮಾಡುತ್ತದೆ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕಾಗಿಯೇ ನಿಯಮಾವಳಿಯಲ್ಲಿ, ದೋಣಿ ಕೇಳಿದರೆ ತೆರೆಯಬೇಕೆಂಬ ಆ ಒಂದು ಮಾತಿನ ಕೆಳಗೆ ರಾಜ್ಯವಾರು, ತೊರೆವಾರು, ಸೇತುವೆವಾರು ವಿನಾಯಿತಿಗಳ ಪಟ್ಟಿ ಬೆಳೆದಿದೆ. ಸಿಯಾಟಲ್ ನಗರದ ಫ್ರೀಮಾಂಟ್ ಸೇತುವೆಯನ್ನೇ ನೋಡಿ. 1917ರದ್ದು, ನೀರಿನಿಂದ ಬರೀ 30 ಅಡಿ ಎತ್ತರ, ದಿನಕ್ಕೆ ಸರಾಸರಿ 35 ಸಲ ಏಳುತ್ತದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 7ರಿಂದ 9, ಸಂಜೆ 4ರಿಂದ 6 ಸಣ್ಣ ದೋಣಿಗಳಿಗೆ ತೆರೆಯುವುದಿಲ್ಲ. ಶಿಕಾಗೊದಲ್ಲಿ ವಸಂತ ಬಂತೆಂದರೆ ಚಳಿಗಾಲಕ್ಕೆ ಕಟ್ಟಿಹಾಕಿದ್ದ ಹಾಯಿದೋಣಿಗಳೆಲ್ಲ ಸರೋವರಕ್ಕೆ ಹೊರಡಬೇಕು, ಶರತ್ಕಾಲದಲ್ಲಿ ವಾಪಸು ಬರಬೇಕು. ಅವಕ್ಕೆ ವಾರದಲ್ಲಿ ಎರಡು ದಿನ ಗೊತ್ತುಮಾಡಿದ್ದಾರೆ. ದೋಣಿಗಳ ಮೆರವಣಿಗೆ ಬರುತ್ತದೆ, ಸೇತುವೆಗಳು ಒಂದಾದಮೇಲೊಂದು ಏಳುತ್ತವೆ, ಜನ ನಿಂತು ನೋಡುತ್ತಾರೆ.

ಇಂಥ ವಿನಾಯಿತಿಯನ್ನು ಸೇತುವೆಯ ಮಾಲೀಕ ತಾನೇ ಹೇರುವಂತಿಲ್ಲ. ಕೋಸ್ಟ್ ಗಾರ್ಡಿಗೆ ಬರೆಯಬೇಕು, ಅವರು ಗೆಜೆಟ್ಟಿನಲ್ಲಿ ಪ್ರಕಟಿಸಿ ಊರವರ ಅಭಿಪ್ರಾಯ ಕೇಳಬೇಕು. ಬೇಕಾದರೆ 180 ದಿನ ಮೀರದಂತೆ ತಾತ್ಕಾಲಿಕವಾಗಿ ಬದಲಿಸಿ ನೋಡಬಹುದು. ಮುಚ್ಚಿರುವ ಹೊತ್ತಿನಲ್ಲೂ ಅಪಾಯಕ್ಕೆ ಸಿಕ್ಕ ದೋಣಿ, ರಕ್ಷಣಾ ದೋಣಿ, ಬಿರುಗಾಳಿಗೆ ಆಸರೆ ಹುಡುಕಿ ಬಂದ ದೋಣಿ ಇವಕ್ಕೆ ತೆರೆಯಲೇಬೇಕು. ಅತ್ತ ಆಂಬುಲೆನ್ಸ್ ಬರುತ್ತಿದೆ ಎಂದು ಸುದ್ದಿ ಬಂದರೆ ಸೇತುವೆ ಇಳಿಸಿಡಲು ಸಾಧ್ಯವಿದ್ದದ್ದೆಲ್ಲ ಮಾಡಬೇಕು. ಎರಡೂ ಒಟ್ಟಿಗೆ ಬಂದರೆ? ಆ ನಿಮಿಷದಲ್ಲಿ ಕೋಣೆಯಲ್ಲಿ ಕೂತವನ ವಿವೇಕವೇ ನಿಯಮ.

ದಟ್ಟಣೆಯ ಹೊತ್ತಿಗೆ ಪೂರ್ತಿ ಮುಚ್ಚುವುದಕ್ಕಿಂತ ಅರ್ಧ ಗಂಟೆಗೊಮ್ಮೆ ತೆರೆಯುವ ವೇಳಾಪಟ್ಟಿ ಮೇಲು ಎಂಬುದು ನನ್ನ ಮತ. ಮೂರು ದೋಣಿಗೆ ಮೂರು ಸಲ ಏಳುವ ಬದಲು ಒಮ್ಮೆ ಎದ್ದರೆ ಸಾಕು, ದೋಣಿಯವನೂ ಗಡಿಯಾರ ನೋಡಿ ವೇಗ ಹೊಂದಿಸಿಕೊಂಡು ಬರುತ್ತಾನೆ. ರಸ್ತೆದಟ್ಟಣೆ ತಗ್ಗುವುದಾದರೆ ಹೀಗೆ ಗೊತ್ತಾದ ಹೊತ್ತಿಗೆ ತೆರೆಯುವುದನ್ನು ಆದಷ್ಟೂ ಅಳವಡಿಸಿ ಎಂದು ಅವರ ಕಾನೂನೂ ಹೇಳುತ್ತದೆ.

ನನಗೆ ಕಿರಿಕಿರಿಯಾಗುವುದು ಇನ್ನೊಂದು ಬಗೆಯ ವಿನಾಯಿತಿಯಲ್ಲಿ, ಅದು ಸಣ್ಣ ತೊರೆಗಳದ್ದೇ. 'ದೋಣಿ ಅಪರೂಪ, ಹಾಗಾಗಿ 24 ಗಂಟೆ ಮುಂಚೆ ತಿಳಿಸಿದರೆ ತೆರೆಯುತ್ತೇವೆ.' ಕೇಳಲು ನ್ಯಾಯವಾಗಿದೆ. ದಿನಕ್ಕೆ ಒಂದು ದೋಣಿಯೂ ಬಾರದ ಕಡೆ ಮೂರು ಪಾಳಿಯಲ್ಲಿ ಆಳಿಟ್ಟು ಸಂಬಳ ಕೊಡುವುದು ಯಾರಿಗೂ ಆಗದು. ಆಮೇಲೆ ಆಗುವುದನ್ನು ನೋಡಿ. ನಾಳೆ ಮೀನು ಎಲ್ಲಿ ಸಿಗುತ್ತದೆಂದು ಇವತ್ತೇ ಗೊತ್ತಿರುವ ಮೀನುಗಾರನಿಲ್ಲ. ಅವನು ಸೇತುವೆಯ ಈಚೆಗೇ ದೋಣಿ ಕಟ್ಟತೊಡಗುತ್ತಾನೆ. ಆಚೆ ಇದ್ದ ದೋಣಿ ರಿಪೇರಿಯವನಿಗೆ ಗಿರಾಕಿಯಿಲ್ಲ, ಅವನು ಅಂಗಡಿ ಎತ್ತುತ್ತಾನೆ. ತಿಂಗಳುಗಟ್ಟಲೆ ಏಳದ ಸೇತುವೆಯ ಹಲ್ಲುಚಕ್ರದಲ್ಲಿ ಗ್ರೀಸ್ ಗಟ್ಟಿಯಾಗುತ್ತದೆ, ಸೇತುವೆ ಎಲ್ಲಿ ನಿಲ್ಲಬೇಕೆಂದು ತಿಳಿಸುವ ಲಿಮಿಟ್ ಸ್ವಿಚ್ಚಿಗೆ ತುಕ್ಕು ಹಿಡಿಯುತ್ತದೆ. ಫೋನ್ ಮಾಡಿಯೇ ಬಂದ ಒಬ್ಬ ದೋಣಿಯವನಿಗೂ 'ಮೋಟರ್ ಕೆಟ್ಟಿದೆ' ಎನ್ನಬೇಕಾಗುತ್ತದೆ. ಹತ್ತು ವರ್ಷವಾದ ಮೇಲೆ ಮಾಲೀಕ ಲಾಗ್ ಪುಸ್ತಕ ತೆರೆದು, 'ನೋಡಿ, ವರ್ಷಕ್ಕೆ ಎರಡು ಸಲವೂ ತೆರೆದಿಲ್ಲ, ಪೂರ್ತಿ ಮುಚ್ಚಲು ಅನುಮತಿ ಕೊಡಿ' ಎನ್ನುತ್ತಾನೆ. ಲಾಗ್ ಪುಸ್ತಕದಲ್ಲಿರುವುದು ಬಂದ ದೋಣಿಯ ಲೆಕ್ಕ. ಬರಲಾರದೆ ಹೋದ ದೋಣಿಗೆ ಅದರಲ್ಲಿ ಕಾಲಂ ಇಲ್ಲ. ಬಸ್ಸು ಕಡಿಮೆ ಮಾಡಿ, ಜನ ಹತ್ತುತ್ತಿಲ್ಲವೆಂದು ರೂಟನ್ನೇ ರದ್ದು ಮಾಡುವುದನ್ನು ನಾವು ಇಲ್ಲೇ ಕಂಡಿದ್ದೇವಲ್ಲ, ಅದೇ ಲೆಕ್ಕಾಚಾರ.

ನಮ್ಮ ನೆರೆಯ ಕೇರಳದಲ್ಲೂ ಇದರ ರುಚಿ ಕಂಡವರಿದ್ದಾರೆ. ಕೊಟ್ಟಾಯಂನಿಂದ ಆಲಪ್ಪುಳಕ್ಕೆ ಹೋಗುವ ಬೋಟಿನ ಕಾಲುವೆಗೆ ಅಡ್ಡವಾಗಿ ಸಣ್ಣ ಎತ್ತುಸೇತುವೆಗಳಿವೆ, ಮಲಯಾಳದಲ್ಲಿ ಪೊಕ್ಕುಪಾಲಂ. ಅವು ಕೆಟ್ಟಾಗ ಬೋಟು ಪಟ್ಟಣದ ತನಕ ಬರದೆ ಕಾಂಜಿರಂನಲ್ಲೇ ನಿಂತದ್ದುಂಟು. ಪಾಂಬನ್‌ನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಕಾಯಬೇಕಾದದ್ದು ದೋಣಿ: ಬಂದರು ಕಚೇರಿಯ ಅನುಮತಿ ಸಿಕ್ಕ ಮೇಲೆ ಹಲವು ದೋಣಿಗಳು ಒಟ್ಟಾಗಿ ದಾಟುತ್ತವೆ. 1914ರ ಹಳೆಯ ಸೇತುವೆಯನ್ನು ಆಳುಗಳು ಕೈಯಿಂದ ತಿರುಗಿಸಿ ಎತ್ತುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಹೊಸದರಲ್ಲಿ 72.5 ಮೀಟರಿನ ಇಡೀ ಅಂಕಣವೇ ಮೋಟರಿನಿಂದ 17 ಮೀಟರ್ ಮೇಲೇರುತ್ತದೆ. ರೈಲು ಹೊತ್ತಿಗೆ ಸರಿಯಾಗಿ ಬರುವಂಥದ್ದು, ಕಡಲ ದಾರಿ ಕಿರಿದು, ಹಾಗಾಗಿ ಅಲ್ಲಿ ಈ ಕ್ರಮ ತಪ್ಪೆನ್ನಲಾರೆ.

ಸಣ್ಣ ಕಾಲುವೆಗಳ ವಿಷಯದಲ್ಲಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸುವವರು ಡಚ್ಚರು. ಅವರ ಕೆಲವು ಊರುಗಳಲ್ಲಿ ಸೇತುವೆ ಕಾಯುವವನು ಗಾಳದ ಕೋಲಿಗೆ ಮರದ ಪಾದರಕ್ಷೆ ಕಟ್ಟಿ ದೋಣಿಯತ್ತ ಇಳಿಬಿಡುತ್ತಾನೆ, ದೋಣಿಯವನು ಸುಂಕವನ್ನು ಅದರಲ್ಲಿ ಹಾಕುತ್ತಾನೆ. ಅವರ ದೀಪಗಳೂ ಚೊಕ್ಕ. ಕೆಂಪು ಎಂದರೆ ನಿಲ್ಲು, ಕೆಂಪು ಹಸಿರು ಜೊತೆಗೆ ಉರಿದರೆ ಈಗ ಏಳಲಿದೆ ಸಿದ್ಧನಾಗು, ಹಸಿರಾದರೆ ಹೋಗು. ಕೆಂಪು ಎರಡಿದ್ದರೆ ಸೇತುವೆ ಕೆಲಸದಲ್ಲೇ ಇಲ್ಲ, ಕಾದು ಸುಖವಿಲ್ಲ. ಆ ನಾಲ್ಕನೆಯದು ಎಷ್ಟು ಜನರ ಹೊತ್ತು ಉಳಿಸುತ್ತದೆಂದು ಯೋಚಿಸಿ!

ಈಗ ನನ್ನ ಭಾಗದ ಕೆಲಸ. ಸೇತುವೆ ಏಳುವ ಮುನ್ನ ಒಂದು ಕ್ರಮವಿದೆ: ಮೊದಲು ರಸ್ತೆಗೆ ಕೆಂಪು ದೀಪ, ಆಮೇಲೆ ಒಳಬರುವ ಕಡೆಯ ಗೇಟು, ಸೇತುವೆ ಖಾಲಿಯಾದ ಮೇಲೆ ಹೊರಹೋಗುವ ಕಡೆಯ ಗೇಟು, ಬಳಿಕ ಸೇತುವೆಯ ಎರಡು ರೆಕ್ಕೆಗಳನ್ನು, ಅಂದರೆ ಮೇಲೇಳುವ ಎರಡು ಅರ್ಧಗಳನ್ನು, ಬಂಧಿಸಿಟ್ಟ ಅಗುಳಿ ಸರಿಯಬೇಕು, ಕೊನೆಗೆ ಮೋಟರ್. ಹಿಂದಿನದು ಮುಗಿಯದೆ ಮುಂದಿನದು ಶುರುವಾಗದಂತೆ ಪ್ರೋಗ್ರಾಂ ಬಿಗಿಯುತ್ತೇವೆ. ರೈಲ್ವೆ ಗೇಟು ಬೀಳದೆ ಸಿಗ್ನಲ್ ಹಸಿರಾಗದಂತೆ ಮಾಡುವುದೂ ಇದೇ ತರ್ಕ. ಆದರೆ ಇಂಥ ಪ್ರತಿ ತಡೆಗೂ ಅದನ್ನು ದಾಟಿಹೋಗಲು ಒಂದು ಬೈಪಾಸ್ ಕೀಲಿ ಇರುತ್ತದೆ, ಸೆನ್ಸರ್ ಸುಳ್ಳು ಹೇಳಿದಾಗ ಬಳಸಲು. ಒಮ್ಮೆ, ನಮಗೆ ನಡುರಾತ್ರಿ, ಅಲ್ಲಿ ನಡುಹಗಲು, ಪರೀಕ್ಷೆಗೆಂದು ಒಂದು ಹಳೆಯ ಸೇತುವೆಯ ದಾಖಲೆ ನೋಡುತ್ತಿದ್ದೆ. ಗೇಟಿನ ಬೈಪಾಸ್ ಕೀಲಿ ದಿನವೂ ತಿರುಗಿದೆ. ಕೇಳಿದರೆ, ಗೇಟಿನ ಸ್ವಿಚ್ ಚಳಿಗೆ ಕಚ್ಚಿಕೊಳ್ಳುತ್ತದೆ, ಕೀಲಿ ಅಲ್ಲೇ ಬಿಟ್ಟಿದ್ದೇವೆ ಎಂದರು. ಅಂದರೆ ಗೇಟು ಬೀಳದಿದ್ದರೂ ಸೇತುವೆ ಏಳುತ್ತಿತ್ತು. ಆ ರಾತ್ರಿಯಿಂದ ನಮ್ಮ ವಿನ್ಯಾಸದಲ್ಲಿ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಊರ್ಜಿತ, ಹೊತ್ತು ತಾನಾಗಿ ದಾಖಲಾಗುತ್ತದೆ.

ಆಳು ಇಡಲಾಗದ ಸಣ್ಣ ಸೇತುವೆಗಳನ್ನು ದೂರದಿಂದ, ಕ್ಯಾಮೆರಾ ನೋಡಿ ಎತ್ತುವ ಪದ್ಧತಿ ಹೆಚ್ಚುತ್ತಿದೆ. ಅದಕ್ಕೂ ಕೋಸ್ಟ್ ಗಾರ್ಡಿನ ಒಪ್ಪಿಗೆ ಬೇಕು. ಇದು ನನಗೆ ಅನ್ನ ಕೊಡುವ ತಂತ್ರಜ್ಞಾನ, ಆದರೂ ಹೇಳುತ್ತೇನೆ: 2022ರ ಆಗಸ್ಟ್‌ನಲ್ಲಿ ಮಿಲ್ವಾಕಿಯಲ್ಲಿ ದೂರದಿಂದ ಎತ್ತಿದ ಸೇತುವೆಯ ಮೇಲೆ ಒಬ್ಬ ವೃದ್ಧರು ಇನ್ನೂ ನಡೆಯುತ್ತಿದ್ದರು, ಬಿದ್ದು ತೀರಿಕೊಂಡರು. ಕ್ಯಾಮೆರಾ ತೋರಿಸಿದ್ದನ್ನು ಮನುಷ್ಯ ನೋಡಿಯೇ ತೀರುತ್ತಾನೆಂಬ ಖಾತ್ರಿಯಿಲ್ಲ. ನಡೆಯುವವರ ದಾರಿಗೂ ಗೇಟು ಮತ್ತು ಸೆನ್ಸರ್ ಇಲ್ಲದ ಕಡೆ ದೂರನಿಯಂತ್ರಣಕ್ಕೆ ನಾನು ಸಹಿ ಹಾಕುವುದಿಲ್ಲ. ಇದರಿಂದ ಕೈಬಿಟ್ಟ ಕೆಲಸವೂ ಇದೆ.

ಬಿಸಿಲೂ ನಿಯಮ ಕೇಳುವುದಿಲ್ಲ. 100 ಮೀಟರ್ ಉಕ್ಕು 20 ಡಿಗ್ರಿ ಏರಿದರೆ 24 ಮಿಲಿಮೀಟರ್ ಉದ್ದವಾಗುತ್ತದೆ, ರೆಕ್ಕೆಗಳ ನಡುವಿನ ಸಂದು ಅದಕ್ಕಿಂತ ಕಿರಿದಾದರೆ ಕಚ್ಚಿಕೊಂಡೇ ಬಿಡುತ್ತದೆ. 2024ರ ಜುಲೈನಲ್ಲಿ ನ್ಯೂಯಾರ್ಕಿನ ಥರ್ಡ್ ಅವೆನ್ಯೂ ಸೇತುವೆ ತೆರೆದದ್ದು ಮುಚ್ಚಲಿಲ್ಲ. ನೀರು ಸುರಿದು ತಣಿಸಬೇಕಾಯಿತು.

ನಿಯಮದಲ್ಲಿ ಯಾರೂ ಗಮನ ಕೊಡದ ಒಂದು ಅಂಶವಿದೆ. ಸೇತುವೆಯ ಎರಡೂ ಬದಿಗೆ ದೋಣಿಯವನಿಗೆ ಕಾಣುವಂತೆ ಫಲಕ ಹಾಕಿ, ಯಾವಾಗ ತೆರೆಯುತ್ತದೆ, ಮುಂಚಿತವಾಗಿ ಹೇಳಬೇಕಾದರೆ ಯಾರಿಗೆ ಹೇಳಬೇಕು ಎಂದು ಬರೆದಿರಬೇಕು. ಪ್ರತಿ ಯೋಜನೆ ಮುಗಿದ ಮೇಲೆ ಫಲಕದ ಫೋಟೊ ತರಿಸಿಕೊಂಡು ಆ ನಂಬರಿಗೆ ಬೆಂಗಳೂರಿನಿಂದ ನಾನೇ ಫೋನ್ ಮಾಡುತ್ತೇನೆ. ಎಷ್ಟೋ ಸಲ ರಿಂಗಾಗಿ ನಿಂತಿದೆ. ಒಮ್ಮೆ ಅದು ಯಾವುದೋ ಹೂವಿನ ಅಂಗಡಿಯ ನಂಬರಾಗಿತ್ತು. ಹೋದ ತಿಂಗಳು, ಎರಡನೇ ರಿಂಗಿಗೇ ಒಬ್ಬರು ಎತ್ತಿದರು. ಹೆಸರು ಕೇಳಲಿಲ್ಲ, ಎಲ್ಲಿಂದ ಎಂದು ಕೇಳಲಿಲ್ಲ. "ನಿಮ್ಮ ಮಾಸ್ಟ್ ಎಷ್ಟು ಎತ್ತರ?" ಎಂದರು.

ಕಡಲಿನಿಂದ ಮುನ್ನೂರು ಕಿಲೋಮೀಟರ್ ದೂರದಲ್ಲಿ ಕೂತಿದ್ದೇನೆ, ದೋಣಿಯಿಲ್ಲ ಎಂದು ಹೇಳಿ ಇಟ್ಟೆ.