ವಿಂಡೋದೊಳಗೊಂದು ಕಣ್ಣು

ಗದಗ, ಹಾವೇರಿ ಕಡೆಯ ಹಳೇ ಮಣ್ಣಿನ ಮಾಳಿಗೆಮನೆಗಳಲ್ಲಿ ಗೋಡೆಗೆ ಕಿಡಕಿ ಕಡಿಮೆ. ಒಳಗೆ ಬೆಳಕು ಬೀಳುವುದು, ಒಲೆಯ ಹೊಗೆ ಹೊರಬೀಳುವುದು ಮೇಲಿನ ಬೆಳಕಿಂಡಿಯಿಂದ. ಮಳೆ ಹನಿಯಿತೆಂದರೆ ‘ಬೆಳಕಿಂಡಿ ಮುಚ್ಚಿ ಬಾರೋ’ ಎಂದು ಹುಡುಗರನ್ನು ಮಾಳಿಗೆಗೆ ಓಡಿಸುವುದು ವಾಡಿಕೆ. ಇಂಗ್ಲಿಷಿನ ‘ವಿಂಡೋ’ ಹುಟ್ಟಿದ್ದೂ ಇಂಥದೇ ಗಾಜಿಲ್ಲದ ತೂತಿಗೆ.

ಅದು ಸಮಾಸಪದ ಎಂದು ಈಗ ಯಾರಿಗೂ ಅನಿಸುವುದಿಲ್ಲ. ‘ಬ್ಲ್ಯಾಕ್‌ಬೋರ್ಡ್’ನಲ್ಲಿ ಎರಡು ಪದ ಎದ್ದು ಕಾಣುತ್ತವೆ, ಇಲ್ಲಿ ಬೆಸುಗೆಯೇ ಅಳಿಸಿಹೋಗಿದೆ. ಮೂಲ ಪದ ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆ ನಾರ್ಸಿನ ‘ವಿಂಡ್‌ಔಗ’. ವಿಂಡ್ ಎಂದರೆ ಗಾಳಿ, ಔಗ ಎಂದರೆ ಕಣ್ಣು. 9ನೇ ಶತಮಾನದಲ್ಲಿ ಈ ಭಾಷೆಯಾಡುತ್ತಿದ್ದ ವೈಕಿಂಗರು ಕಡಲು ದಾಟಿ ಬಂದು ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆನಿಂತರು. ಎಗ್, ನೈಫ್, ಸ್ಕೈ, ಕೊನೆಗೆ ‘ದೇ’ ಎಂಬ ಸರ್ವನಾಮವನ್ನೂ ಇಂಗ್ಲಿಷ್ ಅವರಿಂದ ಪಡೆಯಿತು. ಸರ್ವನಾಮವನ್ನೇ ಕಡ ತರಬೇಕಾದರೆ ಒಡನಾಟ ಎಷ್ಟಿದ್ದಿರಬೇಡ! ಹಳೇ ಇಂಗ್ಲಿಷಿನಲ್ಲಿ ಕಿಡಕಿಗೆ ಇದ್ದ ಪದದ ಅರ್ಥ ‘ಕಣ್ಣುತೂತು’. ಅದು ಸತ್ತಿತು, ಅದರ ‘ತೂತು’ ಮಾತ್ರ ಮೂಗಿಗೆ ಸೇರಿ ‘ನಾಸ್ಟ್ರಿಲ್’ನ ಬಾಲವಾಗಿ ಉಳಿದಿದೆ. ಫ್ರೆಂಚಿನಿಂದ ಬಂದ ‘ಫೆನೆಸ್ಟರ್’ ಕೂಡ ಕೆಲ ಶತಮಾನ ಪೈಪೋಟಿ ನಡೆಸಿ ಸೋತಿತು.

ಔಗ ‘ಓ’ ಆದದ್ದು ಹೇಗೆ? ಒತ್ತು ಮೊದಲ ಅಕ್ಷರದ ಮೇಲೆ ಬಿದ್ದುದರಿಂದ ಹಿಂದಿನ ಭಾಗ ಸವೆಯಿತು, ನಡುವಿನ ಗಕಾರ ವಕಾರಕ್ಕೆ ಜಾರಿತು. ಇದು ಇದೊಂದೇ ಪದದ ಕಥೆಯಲ್ಲ. ಹಳೇ ಇಂಗ್ಲಿಷಿನ ‘ಬೊಗ’ ಬಿಲ್ಲು ಎಂಬರ್ಥದ ‘ಬೋ’ ಆದದ್ದೂ, ‘ಸೊರ್ಗ್’ ದುಃಖ ಎಂಬರ್ಥದ ‘ಸಾರೋ’ ಆದದ್ದೂ ಇದೇ ದಾರಿಯಲ್ಲಿ.

ನನಗೆ ಇನ್ನೂ ಸೋಜಿಗ ಎನಿಸುವುದು ಸಂಸ್ಕೃತದ ಕಡೆಯ ನಂಟು. ಕಿಡಕಿಗೆ ಸಂಸ್ಕೃತದಲ್ಲಿ ವಾತಾಯನ ಎಂಬ ಪದವಿದೆ: ವಾತ, ಅಯನ, ಅಂದರೆ ಗಾಳಿಯ ಹಾದಿ. ಇನ್ನೊಂದು ಗವಾಕ್ಷ, ದನದ ಕಣ್ಣು. ಸಂಸ್ಕೃತ, ನಾರ್ಸ್ ಎರಡೂ ಇಂಡೋ-ಯುರೋಪಿಯನ್ ಎಂಬ ಒಂದೇ ಮನೆತನದ ಭಾಷೆಗಳು. ಸಂಸ್ಕೃತದ ವಾತ, ನಾರ್ಸಿನ ವಿಂಡ್ ಎರಡೂ ಬೀಸು ಎಂಬರ್ಥದ ಒಂದೇ ಧಾತುವಿನವು. ಅಕ್ಷಿ, ಔಗ ಕೂಡ ಒಂದೇ ಬೇರಿನವು ಎಂಬುದು ಭಾಷಾವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಅಂದಮೇಲೆ ವಿಂಡೋದ ಮುಂಭಾಗ ವಾತಾಯನದ ಬಳಗ, ಹಿಂಭಾಗ ಗವಾಕ್ಷದ ಬಳಗ. ಯಾರೂ ಯಾರನ್ನೂ ನೋಡಿ ಬರೆದದ್ದಲ್ಲ. ಧಾತುಗಳು ಮಾತ್ರ ಹಿರಿಯರ ಆಸ್ತಿ, ಜೋಡಿಸಿದ್ದು ಅವರವರೇ. ನಮ್ಮ ಗಾಳಿ, ಕಣ್ಣುಗಳು ದ್ರಾವಿಡ ಮನೆತನದವು, ಈ ಪಾಲಿನಲ್ಲಿ ಅವಕ್ಕೆ ಹಕ್ಕಿಲ್ಲ.

ಡೇನಿಶ್‌ನಲ್ಲಿ ಇದೇ ಪದ ‘ವಿಂದು’ ಎಂದು ಬದುಕಿದೆ. ಸ್ವೀಡನ್ನಿನವರು ಲ್ಯಾಟಿನ್ ಮೂಲದ ‘ಫೆನ್ಸ್ಟೆರ್’ ಹಿಡಿದರು. ಹಳೆಯ ನಾರ್ಸಿಗೆ ಇವತ್ತಿಗೂ ತೀರಾ ಹತ್ತಿರವಿರುವ ಐಸ್‌ಲ್ಯಾಂಡಿನವರು ಮಾತ್ರ ಎರಡನ್ನೂ ಬಿಟ್ಟು ‘ಗ್ಲುಗ್ಗಿ’ ಅನ್ನುತ್ತಾರೆ.