ತಾಮ್ರದ ಗುಂಡಿಗೆ ತೂಕ ಅಲ್ಲ, ವೇಗ ನೋಡಿ

ಕೋವಿ ಹಿಡಿದು ಗೊತ್ತಿರುವ ನಮ್ಮೂರ ಹಿರಿಯರನ್ನು ಕೇಳಿ. ದೊಡ್ಡ ಪ್ರಾಣಿಗೆ ಭಾರದ ಗುಂಡು ಅನ್ನುತ್ತಾರೆ. ಕೇಪಿನ ಕೋವಿಯ ಕಾಲದಿಂದ ಬಂದ ಮಾತು ಅದು. ಸೀಸದ ಗುಂಡಿನ ಮಟ್ಟಿಗೆ ಸರಿಯೇ. ಆದರೆ ಕೆನಡಾ, ಅಮೆರಿಕ, ಜರ್ಮನಿಯಲ್ಲಿ ನೆಲೆಸಿ, ಅಲ್ಲಿನ ಲೈಸೆನ್ಸ್ ಪಡೆದು ಶಿಕಾರಿಗೆ ಹೋಗುವ ನಮ್ಮ ಹುಡುಗರು ಅದೇ ಮಾತು ನಂಬಿಕೊಂಡು ತಾಮ್ರದ ಗುಂಡಿನ ತೋಟಾ ಕೊಳ್ಳುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಂದ.

ನಾನು ಕೆನಡಾದ ಅಲ್ಬರ್ಟಾ ಪ್ರಾಂತ್ಯದಲ್ಲಿ ಹಲವು ವರ್ಷ ಬಂದೂಕು ರಿಪೇರಿ ಮಾಡಿ, ಕೌಂಟರಿನಲ್ಲಿ ನಿಂತು ತೋಟಾ ಮಾರಿ, ಈಗ ಉಡುಪಿಗೆ ಮರಳಿದವನು. ಅಲ್ಲಿ ಸೀಸನ್ ಶುರುವಾಗುವ ಹೊತ್ತಿಗೆ, ಅಂದರೆ ಇಲ್ಲಿ ಚೌತಿಯ ಆಸುಪಾಸಿನಲ್ಲಿ, ವಾಟ್ಸಾಪಿಗೆ ತೋಟಾ ಪೆಟ್ಟಿಗೆಗಳ ಫೋಟೊ ಬರತೊಡಗುತ್ತವೆ. "ಮಾಮ, ಇದು ತಕ್ಕೊಳ್ಬಹುದಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡುವ ಬದಲು ಒಮ್ಮೆ ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲಿಯವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಿಕಾರಿ ಅಪರಾಧ. ನಮ್ಮ ಕೃಷಿಕರ ಹತ್ತಿರ ಇರುವ ಕೋವಿ ಬೆಳೆ ರಕ್ಷಣೆಯ ಲೈಸೆನ್ಸಿನದು. ಅದೂ ಹೆಚ್ಚಾಗಿ 12 ಬೋರಿನದು. ಕೆಳಗೆ ಹೇಳುವ ತೋಟಾ ಅದಕ್ಕೆ ಹೊಂದುವುದೂ ಇಲ್ಲ, ಮಂಗಳೂರಿನ ಅಂಗಡಿಯಲ್ಲಿ ಸಿಗುವುದೂ ಇಲ್ಲ.

ಸೀಸ ಬಿಟ್ಟು ತಾಮ್ರ ಯಾಕೆ? ಮಾಮೂಲಿ ಶಿಕಾರಿ ಗುಂಡಿನ ಒಳಗೆ ಸೀಸ, ಹೊರಗೆ ತಾಮ್ರದ ತೆಳು ಕವಚ. ಪ್ರಾಣಿಗೆ ಬಡಿದ ಕೂಡಲೇ ಅದು ಒಡೆದು ಸಣ್ಣ ಸಣ್ಣ ಚೂರಾಗಿ ಮಾಂಸದೊಳಗೆ ಹರಡುತ್ತದೆ. ಎಕ್ಸ್‌ರೇ ತೆಗೆದರೆ ಗಾಯದಿಂದ ಗೇಣುದ್ದ ದೂರದಲ್ಲೂ ಬಿಳಿ ಚುಕ್ಕೆ ಕಾಣುತ್ತವೆ. ಕಣ್ಣಿಗೂ ಕೈಗೂ ಸಿಗದಷ್ಟು ಸಣ್ಣವು. ಮನೆಯಲ್ಲಿ ಮಕ್ಕಳಿಗೆ ಅದೇ ಮಾಂಸ ಬಡಿಸಬೇಕಲ್ವಾ? ಅಲ್ಬರ್ಟಾದಲ್ಲಿ ತಾಮ್ರವೇ ಬೇಕೆಂಬ ಕಾನೂನಿಲ್ಲದಿದ್ದರೂ ನನ್ನ ಗಿರಾಕಿಗಳು ಇದೇ ಕಾರಣಕ್ಕೆ ಕೇಳಿ ಬರುತ್ತಿದ್ದರು.

ಕ್ಯಾಲಿಫೋರ್ನಿಯಾದ ಕತೆ ಬೇರೆ. ಅಲ್ಲಿನ ಕಾಂಡೋರ್ ಹದ್ದುಗಳು 1982ರ ಹೊತ್ತಿಗೆ ಇಡೀ ಜಗತ್ತಿನಲ್ಲಿ 22 ಉಳಿದಿದ್ದವು. ಬೇಟೆಗಾರರು ಕಾಡಿನಲ್ಲಿ ಬಿಟ್ಟ ಕರುಳು, ಪಿತ್ತಕೋಶ ತಿಂದು ಸೀಸದ ವಿಷ ಏರಿ ಸಾಯುವುದು ಅವುಗಳ ದೊಡ್ಡ ಕಂಟಕ. 2008ರಲ್ಲಿ ಕಾಂಡೋರ್ ಇರುವ ಪ್ರದೇಶದಲ್ಲಿ, 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ನಿಷೇಧವಾಯಿತು. ಡೆನ್ಮಾರ್ಕ್ 2024ರ ಏಪ್ರಿಲ್ 1ರಿಂದ ರೈಫಲ್ ಗುಂಡಿಗೂ ಈ ನಿಷೇಧ ತಂದಿದೆ. ನಮ್ಮ ರಣಹದ್ದುಗಳನ್ನು ಮುಗಿಸಿದ್ದು ದನಕ್ಕೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು. ವಿಷ ಬೇರೆ, ಆದರೆ ಹದ್ದಿನ ಹೊಟ್ಟೆ ಸೇರಿದ್ದು ಅಲ್ಲೂ ಇಲ್ಲೂ ಹೆಣದ ಮೂಲಕವೇ.

ಈಗ ಅಸಲು ವಿಷಯಕ್ಕೆ ಬರೋಣ. ಸೀಸದ ಗುಂಡು ಮೆದು. ನಿಧಾನಕ್ಕೆ ಬಡಿದರೂ ಮೂತಿ ಚಪ್ಪಟೆಯಾಗುತ್ತದೆ. ತಾಮ್ರ ಗಟ್ಟಿ. ಅದರ ಮೂತಿಯಲ್ಲಿ ಒಂದು ತೂತು ಕೊರೆದಿರುತ್ತಾರೆ, ಎಷ್ಟೋ ಗುಂಡುಗಳಲ್ಲಿ ಅದರ ಮೇಲೆ ಪ್ಲಾಸ್ಟಿಕ್ಕಿನ ತುದಿ. ಪ್ರಾಣಿಯ ಮೈಯೊಳಗಿನ ನೀರಿನಂಶ ಆ ತೂತಿಗೆ ನುಗ್ಗಿ, ಮೂತಿಯನ್ನು ಒಳಗಿಂದ ಸೀಳಿ, ನಾಲ್ಕು ಅಥವಾ ಆರು ಎಸಳಾಗಿ ಹಿಂದಕ್ಕೆ ಮಡಚುತ್ತದೆ. ಈ ಕೆಲಸ ಆಗಬೇಕಾದರೆ ಒತ್ತಡ ಬೇಕು. ಒತ್ತಡಕ್ಕೆ ವೇಗ ಬೇಕು. ವೇಗ ಸಾಲದಿದ್ದರೆ ಎಸಳು ಬಿಚ್ಚುವುದಿಲ್ಲ. ಗುಂಡು ಪೆನ್ಸಿಲ್ ದಪ್ಪದ ತೂತು ಮಾಡಿ ಆಚೆ ಹೋಗುತ್ತದೆ. ಪ್ರಾಣಿ ಓಡುತ್ತದೆ. ಎಲ್ಲೋ ಸಾಯುತ್ತದೆ, ನಿಮಗೆ ಸಿಗುವುದಿಲ್ಲ. "ತಾಮ್ರ ಕೆಲಸ ಮಾಡುವುದಿಲ್ಲ ಮಾರಾಯ್ರೆ" ಎಂಬ ದೂರು ನಾನು ಕೇಳಿದ್ದೆಲ್ಲ ಹೆಚ್ಚುಕಡಿಮೆ ಇಂಥ ಪ್ರಕರಣಗಳಿಂದ ಬಂದದ್ದು.

ಎಷ್ಟು ವೇಗ ಬೇಕು? ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ. ಬಡಿಯುವ ಹೊತ್ತಿಗೆ ಸೆಕೆಂಡಿಗೆ ಕಡಿಮೆ ಅಂದರೆ 1,600ರಿಂದ 2,000 ಅಡಿ ಅನ್ನುತ್ತಾರೆ. ನಾನು ಎಲ್ಲರಿಗೂ 2,000 ಅಂತಲೇ ಹೇಳುವುದು. ಕಂಪನಿ ಹೇಳುವುದು ಗುಂಡು ಬಿಚ್ಚತೊಡಗುವ ವೇಗ. ಚೆನ್ನಾಗಿ ಬಿಚ್ಚಿಕೊಳ್ಳಲು ಇನ್ನಷ್ಟು ಬೇಕು.

ಒಂದು ಲೆಕ್ಕ ನೋಡಿ. ಕುಂದಾಪುರ ಕಡೆಯ ಹುಡುಗ, ಈಗ ಕ್ಯಾಲ್ಗರಿಯಲ್ಲಿದ್ದಾನೆ. ಅವನದು .308 ಕ್ಯಾಲಿಬರಿನ, ಅಂದರೆ ಆ ಅಳತೆಯ ತೋಟಾ ಹಾಕುವ ರೈಫಲ್, ನಳಿಗೆ 18 ಇಂಚು. ಅಪ್ಪನ ಮಾತು ಕೇಳಿ ಅಂಗಡಿಯಲ್ಲಿದ್ದ ಭಾರದ ತಾಮ್ರ, 168 ಗ್ರೇನ್ (ಗುಂಡಿನ ತೂಕದ ಅಳತೆ, ಸುಮಾರು 15 ಗ್ರೇನ್ ಸೇರಿದರೆ ಒಂದು ಗ್ರಾಂ), ತಂದಿದ್ದ. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 2,680 ಅಡಿ ಅಂತ ಇತ್ತು. ಆದರೆ ಕಂಪನಿಗಳು ಇದನ್ನು ಅಳೆಯುವುದು ಸಾಮಾನ್ಯವಾಗಿ 24 ಇಂಚಿನ ನಳಿಗೆಯಲ್ಲಿ. ಒಂದೊಂದು ಇಂಚು ಕಡಿಮೆಯಾದಾಗಲೂ ಸುಮಾರು 25 ಅಡಿ ಬಿದ್ದುಹೋಗುತ್ತದೆ. ಆರು ಇಂಚಿಗೆ 150. ಅವನ ಕೈಯಲ್ಲಿ ಗುಂಡು ಹೊರಡುವುದೇ 2,530ರಲ್ಲಿ. ನೂರು ಗಜಕ್ಕೆ ಸುಮಾರು 175 ಅಡಿ ಕಳೆಯುತ್ತಾ ಹೋದರೆ 300 ಗಜದ ಹೊತ್ತಿಗೆ 2,000ಕ್ಕೆ ಇಳಿದಿರುತ್ತದೆ.

ಅದೇ ಕಂಪನಿಯ 150 ಗ್ರೇನಿನ ತೋಟಾಕ್ಕೆ ಪೆಟ್ಟಿಗೆಯ ಲೆಕ್ಕ 2,820. ಅವನ ನಳಿಗೆಯಲ್ಲಿ 2,670. ಅದು 2,000ಕ್ಕೆ ಇಳಿಯುವುದು ಸುಮಾರು 350 ಗಜಕ್ಕೆ. ಐವತ್ತು ಗಜ ಸುಮ್ನೆ ಸಿಕ್ಕಿತು, ಹೆಗಲಿಗೆ ಪೆಟ್ಟೂ ಕಡಿಮೆ. ಇದರಲ್ಲಿ ಚೌಕಾಸಿ ಏನಿದೆ?

"ಗುಂಡು ಹಗುರ ಆದ್ರೆ ಮೂಸ್ ಬೀಳುತ್ತಾ ಮಾಮ?" ಅಂತ ಕೇಳಿದ. ಮೂಸ್ ಅಂದರೆ ನಮ್ಮ ಕಡವೆಯನ್ನು ಮರೆಸುವಷ್ಟು ದೊಡ್ಡ ಪ್ರಾಣಿ, ಹೆದರಿಕೆ ಸಹಜ. ಆದರೆ ಸೀಸದ 180 ಗ್ರೇನಿನ ಗುಂಡು ಚೂರು ಉದುರಿಸುತ್ತಾ ಒಳಗೆ ಹೋಗುತ್ತದೆ. ಕೊನೆಗೆ ಉಳಿಯುವುದು 110, 120 ಗ್ರೇನ್ ಇರಬಹುದು. ತಾಮ್ರದ್ದು ನೂರಕ್ಕೆ 95 ಪಾಲಿಗಿಂತ ಜಾಸ್ತಿ ಉಳಿಸಿಕೊಳ್ಳುತ್ತದೆ. 150ರಲ್ಲಿ 140ಕ್ಕಿಂತ ಮೇಲೆ ಉಳಿಯಿತಲ್ಲ. ಹಿರಿಯರು ಭಾರ ಬೇಕು ಅಂದದ್ದು ಉದುರಿದ ಮೇಲೂ ಏನಾದರೂ ಉಳಿಯಲಿ ಅಂತ. ತಾಮ್ರ ಉದುರುವುದೇ ಇಲ್ಲ. ಹಾಗಾಗಿ ಸೀಸದಲ್ಲಿ ಬಳಸುತ್ತಿದ್ದ ತೂಕಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಕೊಳ್ಳಿ. ತರ್ಟಿ ಆಟ್ ಸಿಕ್ಸ್ (.30-06) ಕ್ಯಾಲಿಬರಿನಲ್ಲಿ 180 ಹಾಕುತ್ತಿದ್ದವರು 165 ಅಥವಾ 168, ಜಿಂಕೆಗಷ್ಟೇ ಆದರೆ 150. ಪಾಯಿಂಟ್ 270ರಲ್ಲಿ 150ರ ಬದಲು 130. 6.5 ಕ್ರೀಡ್‌ಮೂರ್‌ನಲ್ಲಿ 140ರ ಬದಲು 120ರ ಆಸುಪಾಸು. ಮದ್ದು ಜಾಸ್ತಿ ಹಿಡಿಯುವ ತೋಟಾದ ಮ್ಯಾಗ್ನಮ್ ರೈಫಲ್ ಇದ್ದವರಿಗೆ ಈ ತಲೆಬಿಸಿ ಕಡಿಮೆ, ಅವರಿಗೆ ವೇಗ ಧಾರಾಳ ಇದೆ.

ಹಗುರದ ಪರವಾಗಿ ಇನ್ನೊಂದು ಕಾರಣವೂ ಇದೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು 8.96. ಒಂದೇ ದಪ್ಪ, ಒಂದೇ ತೂಕದ ಎರಡು ಗುಂಡು ಮಾಡಿದರೆ ತಾಮ್ರದ್ದು ಉದ್ದ ಆಗಲೇಬೇಕು. ಉದ್ದದ ಬುಗುರಿ ನೆಟ್ಟಗೆ ನಿಲ್ಲಬೇಕಾದರೆ ಜೋರಾಗಿ ತಿರುಗಬೇಕಲ್ವಾ, ಗುಂಡೂ ಹಾಗೆಯೇ. ಆ ತಿರುಗು ಕೊಡುವುದು ನಳಿಗೆಯೊಳಗಿನ ಸುರುಳಿ ಗೆರೆ. ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆ ಎಂಬುದಕ್ಕೆ ಟ್ವಿಸ್ಟ್ ಅನ್ನುತ್ತಾರೆ. 10 ಇಂಚಿಗೆ ಒಂದು ಸುತ್ತಿನ .308 ಆದರೆ ಚಿಂತೆ ಇಲ್ಲ. ಹಳೆಯ .308 ಕೆಲವದರಲ್ಲಿ 12 ಇಂಚಿಗೆ ಒಂದು. ಅಂಥದ್ದಕ್ಕೆ ಉದ್ದದ ತಾಮ್ರ ಹಾಕಿದರೆ ಗುಂಡು ಒಂದು ಕಡೆ ಕೂರುವುದಿಲ್ಲ, ಗುರಿ ಹಲಗೆಯ ಮೇಲೆ ಚದುರಿ ಬೀಳುತ್ತದೆ. ಕಾಗದದ ತೂತು ಉರುಟಾಗಿರದೆ ಕೀಲಿ ಕೈ ತೂರುವ ಸಂದಿಯ ಹಾಗೆ ಉದ್ದವಾಗಿದ್ದರೆ ಗುಂಡು ಅಡ್ಡ ತಿರುಗಿದೆ ಅಂತ ಅರ್ಥ. ಟ್ವಿಸ್ಟ್ ಎಷ್ಟು ಅಂತ ಕೆಲವೊಮ್ಮೆ ನಳಿಗೆಯ ಮೇಲೆಯೇ ಕೆತ್ತಿರುತ್ತದೆ, ಇಲ್ಲದಿದ್ದರೆ ಕಂಪನಿಯ ಕೈಪಿಡಿಯಲ್ಲಿ ಇರುತ್ತದೆ.

ಪೆಟ್ಟಿಗೆ ಓದುವುದರಲ್ಲೂ ಮೋಸ ಹೋಗುವವರಿದ್ದಾರೆ. ಕಾಪರ್ ಜಾಕೆಟ್ ಅಂತ ಬರೆದದ್ದು ತಾಮ್ರದ ಗುಂಡಲ್ಲ. ಅದು ತಾಮ್ರದ ಅಂಗಿ ತೊಟ್ಟ ಸೀಸ. ಲೆಡ್ ಫ್ರೀ (ಸೀಸರಹಿತ) ಅಥವಾ ಮಾನೊಲಿಥಿಕ್ (ಇಡೀ ಗುಂಡು ಒಂದೇ ಲೋಹದ್ದು) ಅಂತ ಬರೆದಿರಬೇಕು. ಕೆಲವು ಕಂಪನಿಯವರು ಶುದ್ಧ ತಾಮ್ರದ ಬದಲು ಸ್ವಲ್ಪ ಸತು ಬೆರೆಸಿದ ಮಿಶ್ರಲೋಹ ಬಳಸುತ್ತಾರೆ. ಅದೂ ಸೀಸರಹಿತವೇ, ಕೊಳ್ಳಬಹುದು. ಸಾಲಿಡ್ ಅಂತ ಇದ್ದರೆ ಮಾತ್ರ ಎಚ್ಚರ. ಅದು ಆನೆ, ಕಾಡೆಮ್ಮೆಯಂಥ ದಪ್ಪ ಚರ್ಮದ ಪ್ರಾಣಿಗಾಗಿ ಆಫ್ರಿಕಾದಲ್ಲಿ ಬಳಸುವ, ಬಿಚ್ಚಲೇಬಾರದು ಅಂತ ಮಾಡಿದ ಗುಂಡು. ಜಿಂಕೆಗೆ ಹೊಡೆದರೆ ಪೆನ್ಸಿಲ್ ತೂತು ಗ್ಯಾರಂಟಿ. ಬಿಚ್ಚದ ಗುಂಡಿನಿಂದ ದೊಡ್ಡ ಪ್ರಾಣಿಯ ಬೇಟೆ ಆಡುವುದು ಹಲವು ಕಡೆ ಕಾನೂನುಬಾಹಿರ ಕೂಡ.

ಯಾವ ಕಂಪನಿ ಒಳ್ಳೆಯದು ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ದೊಡ್ಡ ಉತ್ತರ ಇಲ್ಲ. ಬಾರ್ನ್ಸ್ ಕಂಪನಿ 1989ರಲ್ಲಿ ಎಕ್ಸ್ ಎಂಬ ತಾಮ್ರದ ಗುಂಡನ್ನು ಮಾರುಕಟ್ಟೆಗೆ ತಂದು ದಾರಿ ಹಾಕಿತು. ಮೊದಲ ಗುಂಡುಗಳು ನಳಿಗೆಯೊಳಗೆ ತಾಮ್ರ ಮೆತ್ತುತ್ತಿದ್ದವು. ಆಮೇಲೆ ಗುಂಡಿನ ಸುತ್ತ ಬಳೆಯಂತೆ ಗೀರು ಕೊರೆದು ಆ ತೊಂದರೆಯನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದರು. ಈಗ ಹಾರ್ನಡಿ, ಫೆಡರಲ್, ನಾಸ್ಲರ್, ಯುರೋಪಿನ ಲಪುವಾ, ನಾರ್ಮಾ, ಸಾಕೊ ಎಲ್ಲರ ಹತ್ತಿರವೂ ಒಳ್ಳೆಯ ಮಾಲಿದೆ. ಅವುಗಳಲ್ಲಿ ನಿಮ್ಮ ರೈಫಲ್ ಯಾವುದನ್ನು ಒಪ್ಪುತ್ತದೋ ಅದೇ ಒಳ್ಳೆಯದು. ಒಂದೇ ಕಾರ್ಖಾನೆಯಿಂದ ಬಂದ ಎರಡು ರೈಫಲ್‌ಗಳು ಒಂದೇ ತೋಟಾವನ್ನು ಒಪ್ಪದೆ ಇರುವುದನ್ನು ಬೆಂಚಿನ ಮೇಲೆ ಕೂತು ನೋಡಿದ್ದೇನೆ. ಕಾರಣ ಹೇಳಲು ಹೊರಟವರು ಸಾಮಾನ್ಯವಾಗಿ ಊಹೆ ಹೇಳುತ್ತಾರೆ.

ಆದ್ದರಿಂದ ಎರಡು ಮೂರು ಕಂಪನಿಯ ಒಂದೊಂದು ಪೆಟ್ಟಿಗೆ ತನ್ನಿ. ಬೆಲೆ ಸೀಸದ್ದಕ್ಕಿಂತ ಜಾಸ್ತಿ, ಹೊಟ್ಟೆ ಉರಿಯುತ್ತದೆ, ಆದರೂ ತನ್ನಿ. ಗೆಳೆಯರ ಜೊತೆ ಹಂಚಿಕೊಂಡರೂ ಆಯಿತು. ಹೊಡೆಯುವ ಮೊದಲು ನಳಿಗೆಯನ್ನು ಚೆನ್ನಾಗಿ ತೊಳೆಯಿರಿ. ಹಳೆಯ ಗುಂಡಿನ ಕವಚದಿಂದ ಉಳಿದ ಮೆತ್ತಿನ ಮೇಲೆ ತಾಮ್ರದ ಗುಂಡು ಹೊಡೆದರೆ ಗುರಿ ಚದುರಬಹುದು, ಆಗ ಬೈಗುಳ ಹೊಸ ತೋಟಾಕ್ಕೆ ಬೀಳುತ್ತದೆ. ತಾಮ್ರ ಕರಗಿಸುವ ದ್ರಾವಣ ಹಾಕಿ ಬಟ್ಟೆ ಎಳೆದಾಗ ನೀಲಿ ಬಣ್ಣ ಬಂದರೆ ಒಳಗೆ ಇನ್ನೂ ತಾಮ್ರ ಇದೆ ಅಂತ. ಇದಕ್ಕೆ ನೈಲಾನ್ ಬ್ರಷ್ ಬಳಸಿ. ಕಂಚಿನ ಬ್ರಷ್ಷೇ ದ್ರಾವಣದಲ್ಲಿ ಕರಗಿ ನೀಲಿ ಬಿಡುತ್ತದೆ. ನಳಿಗೆ ಶುದ್ಧವಾದ ಮೇಲೂ ಉಜ್ಜುತ್ತಾ ಕೂತವರು ಎಷ್ಟೋ ಜನ ನನ್ನ ವರ್ಕ್‌ಶಾಪಿಗೆ ಬಂದಿದ್ದಾರೆ.

ಮೂರು ಈಡು ಹೊಡೆದು ನಳಿಗೆ ತಣಿಯಲು ಬಿಡಿ, ಮತ್ತೆ ಮೂರು. ಎರಡೂ ಸಲ ಒತ್ತಾಗಿ ಕೂತರೆ ಆ ತೋಟಾ ಗಟ್ಟಿ ಮಾಡಿಕೊಳ್ಳಿ. ರೈಫಲ್ ಮೇಲಿನ ದುರ್ಬೀನನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ, ಸೀಸದ ಗುಂಡು ಬೀಳುತ್ತಿದ್ದ ಜಾಗಕ್ಕೇ ಇದು ಬೀಳುತ್ತದೆ ಅಂದುಕೊಳ್ಳಬೇಡಿ. ಆಮೇಲೆ ಅದೇ ಲಾಟ್ ನಂಬರಿನ ಪೆಟ್ಟಿಗೆಗಳನ್ನು ಸೀಸನ್ನಿಗೆ ಸಾಕಾಗುವಷ್ಟು ಒಮ್ಮೆಗೇ ಕೊಂಡಿಡಿ.

ಕಾಡಿನಲ್ಲಿ ಎರಡು ವಿಷಯ ಬೇರೆ. ಸೀಸಕ್ಕೆ ಶ್ವಾಸಕೋಶದ ನಡುವೆ ಹೊಡೆದು ರೂಢಿ ಇದ್ದವರು ತಾಮ್ರಕ್ಕೆ ಸ್ವಲ್ಪ ಮುಂದೆ, ಹೆಗಲ ಎಲುಬಿನ ಕಡೆ ಗುರಿ ಇಟ್ಟರೆ ಒಳ್ಳೆಯದು. ತಾಮ್ರ ಎಲುಬು ಮುರಿದು ಮುಂದೆ ಹೋಗುತ್ತದೆ, ಪ್ರಾಣಿ ಜಾಸ್ತಿ ದೂರ ಓಡುವುದಿಲ್ಲ. ಚೂರು ಉದುರಿಸದ ಕಾರಣ ಹೆಗಲ ಮಾಂಸವೂ ಅಷ್ಟು ಹಾಳಾಗುವುದಿಲ್ಲ. ಇನ್ನೊಂದು, ಇದು ಹೆಚ್ಚಾಗಿ ಆರುಪಾರು ಹೋಗುವ ಗುಂಡು. ಎರಡು ಕಡೆ ತೂತಾಗಿ ರಕ್ತದ ಜಾಡು ಸಿಗುವುದು ಅನುಕೂಲ. ಆದರೆ ಹಿಂದೆ ಇನ್ನೊಂದು ಪ್ರಾಣಿ ನಿಂತಿದ್ದರೆ ಅದಕ್ಕೂ ಬೀಳುತ್ತದೆ, ಬಂಡೆ ಇದ್ದರೆ ಸಿಡಿದು ಎಲ್ಲಿಗೋ ಹೋಗುತ್ತದೆ. ಹಿಂದೆ ಮಣ್ಣಿನ ದಿಬ್ಬ ಕಾಣದಿದ್ದರೆ ಕುದುರೆ (ಟ್ರಿಗರ್) ಎಳೆಯಬೇಡಿ.

ಜರ್ಮನಿಯಲ್ಲಿರುವವರಿಗೆ ಒಂದು ಲೆಕ್ಕ. ಅಲ್ಲಿನ ಕಾನೂನಿನಲ್ಲಿ ಕೆಂಪು ಜಿಂಕೆ, ಕಾಡುಹಂದಿಗೆ ಗುಂಡು ಕನಿಷ್ಠ 6.5 ಮಿಲಿಮೀಟರ್ ದಪ್ಪ ಇರಬೇಕು, 100 ಮೀಟರಿನಲ್ಲಿ 2,000 ಜೂಲ್ ಶಕ್ತಿ ಉಳಿದಿರಬೇಕು. ಸಣ್ಣ ರೋ ಜಿಂಕೆಗೆ 1,000 ಜೂಲ್ ಸಾಕು. ಹಗುರದ ಗುಂಡಿಗೆ ಇಳಿಯುವಾಗ ಪೆಟ್ಟಿಗೆಯ ಮೇಲಿನ 100 ಮೀಟರಿನ ಅಂಕಿ ಇದಕ್ಕಿಂತ ಕೆಳಗೆ ಹೋಗಿಲ್ಲ ಅಂತ ನೋಡಿಕೊಳ್ಳಿ. ಸಣ್ಣ ನಳಿಗೆ ಆದರೆ ಅದರಲ್ಲೂ ಸ್ವಲ್ಪ ಕಳೆಯಬೇಕು.

ಕೊನೆಯದಾಗಿ ರಜೆಗೆ ಊರಿಗೆ ಬರುವವರಿಗೆ. ಶಿಕಾರಿಗೆ ಒಯ್ದ ಬ್ಯಾಗು, ಜಾಕೆಟ್ಟು ಹಾಕಿಕೊಂಡು ವಿಮಾನ ಹತ್ತಬೇಡಿ. ಜೇಬಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಬಜ್ಪೆಯ ಸ್ಕ್ಯಾನರಿನಲ್ಲಿ ಕಂಡರೂ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಬೀಳಬಹುದು. ನಿಮ್ಮ ಕೆನಡಾದ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ. ಅಪ್ಪನಿಗೆ ತೋರಿಸಬೇಕು ಅಂತ ಆಸೆ ಇದ್ದರೆ ಫೋಟೊ ಕಳಿಸಿ.